ಮರಕ್ಕೆ ವಾರದ ಕಂತು ಕಟ್ಟಲು ಬರುವುದಿಲ್ಲ

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಮಳೆಯಾಶ್ರಿತ ಹಳ್ಳಿ. ಹದಿನಾರು ಜನ ಹೆಣ್ಣುಮಕ್ಕಳು ಸೇರಿ ಆರು ವರ್ಷದಿಂದ ಸ್ವಸಹಾಯ ಸಂಘ ನಡೆಸುತ್ತಿದ್ದೇವೆ. ಹೆಚ್ಚಿನವರಿಗೆ ಎರಡು ಮೂರು ಎಕರೆ ಕೆಂಪು ಮಸಾರಿ ಹೊಲವಿದೆ, ನಾಲ್ವರಿಗೆ ಭೂಮಿಯೇ ಇಲ್ಲ. ಮೆಕ್ಕೆಜೋಳ ಎರಡು ವರ್ಷ ಕೈಕೊಟ್ಟಿತು. ಈಗ ಹೊರಗಿನ ಸಂಸ್ಥೆಯೊಂದು ಬಂದು, ಊರ ಗೋಮಾಳದಲ್ಲೂ ನಮ್ಮ ಹೊಲಗಳಲ್ಲೂ ಮರ ಬೆಳೆಸಲು ಸಸಿ ಒದಗಿಸುತ್ತೇವೆ, ಖರ್ಚಿಗೆ ತಲಾ 50 ಸಾವಿರ ರೂಪಾಯಿ ಗುಂಪು ಸಾಲ ಕೊಡಿಸುತ್ತೇವೆ, ವಾರದ ಕಂತಿನಲ್ಲಿ ತೀರಿಸಿ, ಮರ ಬಂದ ಮೇಲೆ ಲಾಭವೆಲ್ಲ ನಿಮ್ಮದೇ ಎನ್ನುತ್ತಿದೆ. ಒಪ್ಪಬಹುದೇ? ಒಪ್ಪದಿದ್ದರೆ ನಾವು ಏನು ಮಾಡಬೇಕು?

ಉತ್ತರ: ಸಸಿ ಕೊಟ್ಟರೆ ತೆಗೆದುಕೊಳ್ಳಿ, ಆ ಸಾಲವನ್ನು ತೆಗೆದುಕೊಳ್ಳಬೇಡಿ. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇಷ್ಟೇ. ಆದರೆ ಹದಿನಾರು ಜನ ಕೂತು ತೀರ್ಮಾನಿಸಬೇಕಾದರೆ ಕಾರಣಗಳು ಬೇಕು, ಬೇಡ ಎಂದ ಮೇಲೆ ಮಾಡಬೇಕಾದ್ದೇನು ಎಂಬುದೂ ತಿಳಿಯಬೇಕು. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಜಲಾನಯನ ಕೆಲಸಗಳಲ್ಲಿ ಮೂವತ್ತು ವರ್ಷ ಓಡಾಡಿದವನಾಗಿ ನನಗೆ ತಿಳಿದದ್ದನ್ನು ಬಿಡಿಸಿ ಬರೆಯುತ್ತೇನೆ.

ಸಾಲದ ಲೆಕ್ಕದಿಂದಲೇ ಶುರುಮಾಡೋಣ. ಬಡ್ಡಿ ಎಷ್ಟೆಂದು ನೀವು ಬರೆದಿಲ್ಲ. ಉದಾಹರಣೆಗೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಅಂದರೆ ವರ್ಷಕ್ಕೆ ಶೇ 12 ಎಂದಿಟ್ಟುಕೊಳ್ಳಿ. ಊರ ಸಾಹುಕಾರರ ನೂರಕ್ಕೆ ಮೂರು ರೂಪಾಯಿಯ ಮುಂದೆ ಇದು ಅಗ್ಗವೆಂದೇ ಕಾಣುತ್ತದೆ. 50 ಸಾವಿರಕ್ಕೆ 6 ಸಾವಿರ ಬಡ್ಡಿ ಸೇರಿ 56 ಸಾವಿರ, ಅದನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ 1,077 ರೂಪಾಯಿ. ಇಲ್ಲಿ ಒಂದು ಸಂಗತಿ ಕಣ್ಣು ತಪ್ಪಿಸುತ್ತದೆ. ನೀವು ಮೊದಲ ವಾರದಿಂದಲೇ ಅಸಲನ್ನು ತೀರಿಸುತ್ತಾ ಬರುತ್ತೀರಿ, ಆದರೆ ಬಡ್ಡಿ ಮಾತ್ರ ಕೊನೆಯ ವಾರದವರೆಗೂ ಪೂರ್ತಿ 50 ಸಾವಿರದ ಮೇಲೆಯೇ ಬಿದ್ದಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದೇ ಬಡ್ಡಿ ಶೇ 22ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಯಾರು ಸಾಲ ಕೊಡಲು ಬಂದರೂ, ಬಡ್ಡಿ ಎಷ್ಟು ಎನ್ನುವುದಕ್ಕಿಂತ ಮೊದಲು ಅದು ಫ್ಲ್ಯಾಟ್ ಬಡ್ಡಿಯೋ, ಇಳಿಯುವ ಬಾಕಿಯ ಮೇಲಿನ ಬಡ್ಡಿಯೋ ಎಂದು ಕೇಳಿ.

ಆದರೂ ಬಡ್ಡಿಯ ದರ ನನಗೆ ಎರಡನೆಯ ಆಕ್ಷೇಪ. ಮೊದಲನೆಯದು ಕಂತಿನ ಕಾಲ. ಸೀತಾಫಲ ಮೂರು ನಾಲ್ಕು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಕಸಿ ಮಾಡಿದ ನೆಲ್ಲಿ, ಹುಣಸೆಗೆ ನಾಲ್ಕೈದು ವರ್ಷ ಬೇಕು. ಬೀಜದಿಂದ ಎದ್ದ ಹುಣಸೆಯಾದರೆ ಎಂಟು ಹತ್ತು ವರ್ಷ ಕಾಯಬೇಕು. ಹೆಬ್ಬೇವು ಕಡಿಯಲು ಆರರಿಂದ ಎಂಟು ವರ್ಷ. ಶ್ರೀಗಂಧದ ಮಾತು ಹದಿನೈದು ವರ್ಷದ ಆಚೆಯದು. ಈ ಯಾವ ಮರವೂ ಎರಡನೆಯ ವಾರಕ್ಕೆ 1,077 ರೂಪಾಯಿ ಕೊಡುವುದಿಲ್ಲ. ಹಾಗಾದರೆ ಆ ಕಂತು ಎಲ್ಲಿಂದ ಬರುತ್ತದೆ? ಕೂಲಿಯಿಂದ, ಅದು ಸಾಲದಿದ್ದರೆ ಇನ್ನೊಂದು ಸಂಸ್ಥೆಯ ಸಾಲದಿಂದ, ಅದೂ ಸಿಗದಿದ್ದರೆ ಕಿವಿಯ ಓಲೆಯಿಂದ. ಕೂಲಿಗೆ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋದ ಮನೆಯಲ್ಲಿ ಸಸಿಗೆ ನೀರು ಹಾಕುವವರು ಯಾರು? ಸಸಿ ಒಣಗುತ್ತದೆ, ಸಾಲ ಉಳಿಯುತ್ತದೆ. ಈ ಸರಪಣಿಯನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಕಂತಿನ ಗಾಡಿ ಬರುವ ದಿನ ಬಾಗಿಲಿಗೆ ಚಿಲಕ ಹಾಕಿ ಹೊಲದ ಕಡೆ ಹೋಗಿಬಿಡುವ ಹೆಣ್ಣುಮಕ್ಕಳ ಮುಖ ನನ್ನ ಕಣ್ಣ ಮುಂದೆ ಇದೆ.

ಒಂದು ವೇಳೆ ಈಗಾಗಲೇ ಯಾರಾದರೂ ಸಹಿ ಹಾಕಿದ್ದರೆ ಗಾಬರಿಯಾಗಬೇಕಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ವಾರಕ್ಕೋ ತಿಂಗಳಿಗೋ ಎಂಬ ಕಂತಿನ ಅವಧಿಯನ್ನು ಸಾಲಗಾರರ ಅನುಕೂಲ ನೋಡಿ ಗೊತ್ತುಮಾಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಸಾಲದ ಕಾರ್ಡು ನಿಮಗೆ ಓದಲು ಬರುವ ಭಾಷೆಯಲ್ಲಿ ಇರಬೇಕು. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದ ಮೇಲೆ, ಮನೆ ಮುಂದೆ ಕೂತು ಮರ್ಯಾದೆ ತೆಗೆಯುವುದು ಶಿಕ್ಷಾರ್ಹ ಅಪರಾಧ ಎಂಬುದೂ ನಿಮ್ಮ ಸದಸ್ಯರಿಗೆ ಗೊತ್ತಿರಲಿ.

ಇಷ್ಟು ಹೇಳಿದ್ದರಿಂದ ನಾನು ಸಾಲವನ್ನೇ ಬೇಡವೆನ್ನುತ್ತಿದ್ದೇನೆ ಎಂದು ತಿಳಿಯಬೇಡಿ. ಸಾಲವಿಲ್ಲದೆ ಒಣಬೇಸಾಯ ನಡೆಯುವುದಿಲ್ಲ. ಯಾರ ದುಡ್ಡು, ಯಾವುದಕ್ಕೆ, ಎಷ್ಟು ದಿನಕ್ಕೆ ಎಂಬುದಷ್ಟೇ ಪ್ರಶ್ನೆ. ಸ್ವಸಹಾಯ ಸಂಘ ಎಂಬ ಪದ್ಧತಿಯ ಬೇರು ಕರ್ನಾಟಕದ ಮಣ್ಣಿನಲ್ಲೇ ಇದೆ: ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ ಕಟ್ಟಿದ ಸಾಲ ನಿರ್ವಹಣಾ ಸಂಘಗಳಿಗೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಕೊಟ್ಟು ಪ್ರಯೋಗಕ್ಕೆ ಬೆಂಬಲವಾಯಿತು, ಆ ಅನುಭವದ ಮೇಲೆಯೇ 1992ರಲ್ಲಿ ದೇಶದಾದ್ಯಂತ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭವಾಯಿತು. ಆ ಸಂಘಗಳ ಶಕ್ತಿ ಹೊರಗಿನ ಹಣದಲ್ಲಿ ಇರಲಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾವಾಗ ವಾಪಸು ಕೇಳಬೇಕು ಎಂಬುದನ್ನು ಸುಗ್ಗಿ, ಹಬ್ಬ, ಹೆರಿಗೆ ಎಲ್ಲವೂ ತಿಳಿದ ನೆರೆಯವರೇ ನಿರ್ಧರಿಸುತ್ತಿದ್ದುದರಲ್ಲಿ ಇತ್ತು.

ನಿಮ್ಮ ಹದಿನಾರು ಜನ ವಾರಕ್ಕೆ 50 ರೂಪಾಯಿ ಉಳಿಸಿದರೆ ವರ್ಷಕ್ಕೆ 41,600, ಮೂರು ವರ್ಷಕ್ಕೆ ಬಡ್ಡಿ ಬಿಟ್ಟೇ 1,24,800 ರೂಪಾಯಿ. ನೂರಕ್ಕೆ ಒಂದೂವರೆ ರೂಪಾಯಿಗೆ ನಿಮ್ಮಲ್ಲೇ ಒಬ್ಬರಿಗೆ ಕೊಟ್ಟರೂ ಆ ಬಡ್ಡಿ ಸಂಘದ ಪೆಟ್ಟಿಗೆಗೇ ಬಂದು ಬೀಳುತ್ತದೆ, ಊರು ಬಿಟ್ಟು ಹೋಗುವುದಿಲ್ಲ. ಇದರ ಮೇಲೆ ಹೆಚ್ಚಿನ ಹಣ ಬೇಕಾದಾಗ, ಪುಸ್ತಕ ಸರಿಯಿರುವ ಮಹಿಳಾ ಸಂಘಗಳಿಗೆ ಸಂಜೀವಿನಿ ಯೋಜನೆಯಡಿ ಬ್ಯಾಂಕಿನಿಂದ 3 ಲಕ್ಷ ರೂಪಾಯಿವರೆಗೆ ಶೇ 7ರ ಬಡ್ಡಿಯ ಸಾಲ ಸಿಗುತ್ತದೆ. ಅದಕ್ಕೆ ಬ್ಯಾಂಕಿನವರು ನೋಡುವುದು ಪಂಚಸೂತ್ರವನ್ನು: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಅಂದಂದೇ ಬರೆದ ಲೆಕ್ಕ. ಆರು ವರ್ಷ ಸಂಘ ನಡೆಸಿದವರಿಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಪುಸ್ತಕವನ್ನು ಕೊನೆಯ ಸದಸ್ಯೆಯ ಮುಂದೂ ಗಟ್ಟಿಯಾಗಿ ಓದುವ ರೂಢಿ ಇಲ್ಲದಿದ್ದರೆ ಈ ವಾರವೇ ಆರಂಭಿಸಿ. ಸಂಘಗಳು ಒಡೆದದ್ದನ್ನು ನಾನು ಕಂಡಿರುವುದು ಹಣ ಕಡಿಮೆಯಾಗಿ ಅಲ್ಲ, ಲೆಕ್ಕ ಒಬ್ಬರ ಮನೆಯ ಟ್ರಂಕಿನಲ್ಲಿ ಉಳಿದುಹೋಗಿ.

ಸಾಲವನ್ನು ಬೀಜಕ್ಕೆ, ಕುರಿಮರಿಗೆ, ಹೊಲಿಗೆ ಯಂತ್ರಕ್ಕೆ, ಎಣ್ಣೆಗಾಣಕ್ಕೆ ತನ್ನಿ. ಒಂದು ಸುಗ್ಗಿಯೊಳಗೆ ಇಲ್ಲವೇ ಒಂದು ವರ್ಷದೊಳಗೆ ಹಣ ತಿರುಗಿ ಬರುವ ಕೆಲಸಗಳು ಇವು. ಕಂತನ್ನೂ ಆ ಕೆಲಸಕ್ಕೆ ತಕ್ಕಂತೆ ಇಡಿ: ಕುರಿಮರಿಗೆ ಕೊಟ್ಟ ಸಾಲವನ್ನು ಮಾರಿದ ದಿನ ಒಟ್ಟಿಗೆ, ಶೇಂಗಾ ಬೀಜಕ್ಕೆ ಕೊಟ್ಟದ್ದನ್ನು ಕಣ ಮುಗಿದ ಮೇಲೆ ಎರಡು ಕಂತಿನಲ್ಲಿ. ಬೋರ್‌ವೆಲ್‌ಗೆ ಮಾತ್ರ ಸಂಘದಿಂದ ಒಂದು ರೂಪಾಯಿಯನ್ನೂ ಕೊಡಬೇಡಿ. ಚಿತ್ರದುರ್ಗ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಅಂತರ್ಜಲವನ್ನು ಅತಿಯಾಗಿ ಬಳಸಿದ ಪಟ್ಟಿಯಲ್ಲಿವೆ, ಅವುಗಳ ಗಡಿಗೇ ಹೊಂದಿಕೊಂಡ ನಿಮ್ಮ ಜಗಳೂರಿನ ಭೂಮಿಯ ಗುಣವೂ ಬೇರೆಯಲ್ಲ. ನೀರು ಬೀಳದ ಬೋರಿಗೆ ಮಾಡಿದ ಸಾಲದಷ್ಟು ಬೇಗ ಹೊಲ ಕಳೆಯುವ ಸಾಲ ಇನ್ನೊಂದಿಲ್ಲ. ಈ ವಿಷಯದಲ್ಲಿ ನಾನು ಕಠಿಣವಾಗಿ ಮಾತಾಡುತ್ತೇನೆಂದು ಹಲವರು ಬೇಸರಪಟ್ಟಿದ್ದಾರೆ, ಆದರೂ ನನ್ನ ಮಾತನ್ನು ಬದಲಾಯಿಸಲಾರೆ.

ಹಾಗಾದರೆ ನೀರು? ಮೇಲಿನಿಂದ ಬೀಳುವ ನೀರನ್ನೇ ಎಣಿಸಿ ನೋಡಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4 ಸಾವಿರ ಲೀಟರ್. ನಮ್ಮ ಕಡೆ ಬರುವ 500 ಮಿಲಿಮೀಟರ್ ಮಳೆ ಎಂದರೆ ಎಕರೆಗೆ 20 ಲಕ್ಷ ಲೀಟರ್. ಮಸಾರಿ ಹೊಲದಲ್ಲಿ ಇದರ ಒಳ್ಳೆಯ ಪಾಲು ಮೂರು ನಾಲ್ಕು ಬಿರುಮಳೆಗಳಲ್ಲಿ ಬಂದು, ಮೇಲ್ಮಣ್ಣನ್ನೂ ಕಟ್ಟಿಕೊಂಡು ಹಳ್ಳಕ್ಕೆ ಹೋಗುತ್ತದೆ. ಆದ್ದರಿಂದ ಮರಕ್ಕಿಂತ ಮೊದಲು ಬದು. ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡಿ, ತೋಡಿದ ಮಣ್ಣನ್ನು ಕೆಳಮಗ್ಗುಲಿಗೆ ಏರಿಯಾಗಿ ಹಾಕುವ ಕೆಲಸವನ್ನು ಉದ್ಯೋಗ ಖಾತರಿಯ ಕಾಮಗಾರಿಯಾಗಿ ಪಂಚಾಯಿತಿಯಿಂದ ಮಾಡಿಸಿಕೊಳ್ಳಬಹುದು; ಇದಕ್ಕೆ ನೀವು ಸಾಲ ಮಾಡುವ ಅಗತ್ಯವಿಲ್ಲ, ತಿರುಗಿ ನಿಮಗೇ ಕೂಲಿ ಸಿಗುತ್ತದೆ. ಹೊಲದ ತಗ್ಗಿನ ಮೂಲೆಯಲ್ಲಿ ಮೇಲ್ಗಡೆ 12 ಮೀಟರ್ ಉದ್ದಗಲ, 3 ಮೀಟರ್ ಆಳ, ಕೆಳಗೆ 6 ಮೀಟರ್ ಉದ್ದಗಲ ಬರುವಂತೆ ಓರೆಯಾಗಿ ತೋಡಿದ ಕೃಷಿಹೊಂಡದಲ್ಲಿ ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಮಸಾರಿಯಲ್ಲಿ ತಳಕ್ಕೆ ಹೊದಿಕೆ ಹಾಕದೆ ಅದು ನಿಲ್ಲದು ಎಂಬುದನ್ನು ಮರೆಯಬೇಡಿ.

ಈಗ ಮರಗಳು. ಒಂದು ಎಕರೆ ಚೌಕ ಹೊಲದ ಸುತ್ತಳತೆ ಸುಮಾರು 254 ಮೀಟರ್. ಐದು ಮೀಟರಿಗೊಂದರಂತೆ ಬದುವಿನ ಮೇಲೆ ಇಟ್ಟರೆ 50 ಗಿಡ. ಮೊದಲ ಬೇಸಿಗೆಯ ಹದಿನಾರು ವಾರ, ಗಿಡಕ್ಕೆ ವಾರಕ್ಕೊಂದು ಹತ್ತು ಲೀಟರಿನ ಕೊಡದಂತೆ ಹಾಕಿದರೆ ಬೇಕಾಗುವುದು 8 ಸಾವಿರ ಲೀಟರ್, ಅಂದರೆ ನಿಮ್ಮ ಒಂದೆಕರೆಯ ಮೇಲೆ ಬೀಳುವ ಎರಡು ಮಿಲಿಮೀಟರ್ ಮಳೆ. ಹೊಂಡದಲ್ಲಿ ಉಳಿದ ಕೊನೆಯ ಮೊಳದುದ್ದದ ನೀರೇ ಇದಕ್ಕೆ ಸಾಕು. ಹೊಲದ ನಡುವೆ ತೋಪು ಮಾಡಲು ಹೋಗಬೇಡಿ. ಬದುವಿನಲ್ಲಿ ಹುಣಸೆ, ಬೇವು, ಹೊಂಗೆ, ನೆಲ್ಲಿ, ಸೀತಾಫಲ ಇರಲಿ. ಇವುಗಳ ನಡುವೆ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ ಕಡ್ಡಿ ಒತ್ತಾಗಿ ಊರಿ. ಶ್ರೀಗಂಧದ ಬಗ್ಗೆ ಆಸೆ ಹುಟ್ಟಿಸುವ ಮಾತು ಕೇಳಿರುತ್ತೀರಿ. 2001ರ ಕಾಯ್ದೆ ತಿದ್ದುಪಡಿಯ ನಂತರ ಅದು ಬೆಳೆದವರ ಸ್ವತ್ತೇ ಹೌದು; ಆದರೆ ಪಕ್ಕದ ಗಿಡದ ಬೇರಿನಿಂದ ಆಹಾರ ಹೀರಿ ಬದುಕುವ ಆ ಮರಕ್ಕೆ ಆಸರೆ ಗಿಡ ಬೇಕು, ಕೆಚ್ಚು ಬಲಿತ ಮೇಲೆ ರಾತ್ರಿ ಕಾವಲು ಬೇಕು. ಕಾವಲಿಗೆ ಜನವಿಲ್ಲದವರಿಗೆ ಅದನ್ನು ನಾನು ಸೂಚಿಸುವುದಿಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಕ್ಕೆ ಮೂರು ವರ್ಷ ಕಂತಿನಲ್ಲಿ ಹಣ ಕೊಡುತ್ತಾರೆ; ನೆಡುವ ಮೊದಲೇ ವಲಯ ಕಚೇರಿಯಲ್ಲಿ ಹೆಸರು ಬರೆಸಿ. ಮರದ ಖರ್ಚಿಗೆ ಸರಿಹೊಂದುವ ಹಣ ಅಂಥದ್ದು, ಮರದ ಜೊತೆಗೇ ನಿಧಾನವಾಗಿ ಬರುವಂಥದ್ದು.

ನೆಡುವ ಕಾಲದ ಬಗ್ಗೆ ಒಂದು ಮಾತು. ಜುಲೈ ಮೊದಲ ವಾರದ ವನಮಹೋತ್ಸವ ಮಲೆನಾಡಿಗೆ ಸರಿ. ನಮ್ಮಲ್ಲಿ ಆ ತಿಂಗಳು ಬರುವುದು ಗಾಳಿ, ಮಳೆಯಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಆಗಸ್ಟ್ ನಡುವಿನಿಂದ ಬರುವ ಮಘೆ, ಹುಬ್ಬೆ ಮಳೆಗೆ ಸಸಿ ಇಟ್ಟರೆ ಉತ್ತರೆಯಿಂದ ಚಿತ್ತೆಯವರೆಗಿನ ಒಳ್ಳೆಯ ಮಳೆ ಪೂರ್ತಿ ಅದಕ್ಕೆ ಸಿಗುತ್ತದೆ.

ಗೊಬ್ಬರದ ಗಿಡ ಏನು ಮಾಡುತ್ತದೆ ಎಂಬುದನ್ನು ಮೊಳಕಾಲ್ಮೂರು ಕಡೆಯ ಒಂದು ಹೊಲದಲ್ಲಿ ಜನವರಿ ತಿಂಗಳಲ್ಲಿ ನೋಡಿದೆ. ಕೊನೆಯ ಮಳೆ ಬಿದ್ದು ಎರಡು ತಿಂಗಳು ದಾಟಿತ್ತು, ನೆಲ ಹಂಚಿನಂತೆ ಗಟ್ಟಿಯಾಗಿತ್ತು. ಹೊಲದಾಕೆ ಬದುವಿನ ಬಳಿ ಹಾಸಿದ್ದ ಒಣ ಸೊಪ್ಪನ್ನು ಕಾಲಿನಿಂದ ಸರಿಸಿ, ಕುಡುಗೋಲಿನ ತುದಿಯಿಂದ ಎರಡು ಬೆರಳು ಆಳ ಕೆದಕಿದರು. ಒಳಗಿನ ಮಣ್ಣು ಕಪ್ಪಾಗಿತ್ತು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು, ಉಂಡೆಯ ಮಗ್ಗುಲಿಂದ ಒಂದು ಎರೆಹುಳು ಮೆಲ್ಲಗೆ ಜಾರಿತು. ಒಂದು ಮಾರು ಆಚೆ, ಸೊಪ್ಪು ಹಾಸದ ಕಡೆ, ಕುಡುಗೋಲು ನೆಲಕ್ಕೆ ತಾಗಿ ಸದ್ದು ಮಾಡಿತು. ಎರಡೂ ಒಂದೇ ಹೊಲ, ಒಂದೇ ಮಳೆ. ಹತ್ತು ತರಬೇತಿಗಳಲ್ಲಿ ನಾನು ಹೇಳಲು ಆಗದ್ದನ್ನು ಆಕೆ ಒಂದು ನಿಮಿಷದಲ್ಲಿ ತೋರಿಸಿದರು.

ಮೆಕ್ಕೆಜೋಳವನ್ನು ಪೂರ್ತಿ ಬಿಡಿ ಎಂದು ನಾನು ಹೇಳಲಾರೆ. ದಾವಣಗೆರೆಯ ಮಾರುಕಟ್ಟೆ ಹತ್ತಿರವಿರುವಾಗ ಆ ಮಾತು ನಡೆಯುವುದೂ ಇಲ್ಲ. ಆದರೆ ಇಡೀ ಹೊಲಕ್ಕೆ ಅದೊಂದನ್ನೇ ಬಿತ್ತಿದರೆ ಒಂದು ಮಳೆ ತಪ್ಪಿದ್ದಕ್ಕೆ ವರ್ಷವೇ ಹೋಗುತ್ತದೆ. 2018ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ ದೇಶದಲ್ಲೇ ಮೊದಲು ಪತ್ತೆಯಾದ, ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಬಂದ ಮೇಲಂತೂ ಔಷಧಿಯ ಖರ್ಚು ಬೇರೆ. ಮೂರು ಎಕರೆಯಿದ್ದರೆ ಒಂದೂವರೆಯಲ್ಲಿ ಮೆಕ್ಕೆಜೋಳ ಇಟ್ಟುಕೊಂಡು, ಉಳಿದದ್ದರಲ್ಲಿ ನಮ್ಮ ಹಿರಿಯರು ಹಾಕುತ್ತಿದ್ದ ಅಕ್ಕಡಿ ಸಾಲನ್ನು ಮತ್ತೆ ತನ್ನಿ: ನವಣೆ ಇಲ್ಲವೇ ಶೇಂಗಾ ನಡುವೆ ತೊಗರಿ, ಅಂಚಿಗೆ ಅಲಸಂದೆ, ಅವರೆ, ನಾಲ್ಕು ಸಾಲು ಹುಚ್ಚೆಳ್ಳು. ಮುಂಗಾರು ಕೈಕೊಟ್ಟರೆ ಹಿಂಗಾರಿಗೆ ಹುರುಳಿ ಚೆಲ್ಲಬಹುದು. ಕುರಿ ಮಂದೆಯವರಿಗೆ ಕಾಳು ಕೊಟ್ಟು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುವ ಪದ್ಧತಿ ನಿಮ್ಮೂರಲ್ಲಿ ಇನ್ನೂ ಇದ್ದರೆ ಬಿಡಬೇಡಿ. ಮಸಾರಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರ ನನಗೆ ಗೊತ್ತಿಲ್ಲ.

ಕುರಿಯ ಮಾತು ಬಂದದ್ದರಿಂದ ಗೋಮಾಳಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೇ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಯಲುಸೀಮೆಗೆ ಬಂದಾಗ ಊರ ಸಾಮೂಹಿಕ ಜಮೀನುಗಳಿಗೂ ಹೊಲಗಳಿಗೂ ಹೆಚ್ಚಾಗಿ ಬಂದ ಮರ ನೀಲಗಿರಿ. ಅದರ ಕೆಳಗೆ ಹುಲ್ಲು ಬೆಳೆಯದು, ಅದರ ಸೊಪ್ಪನ್ನು ದನ ಮುಟ್ಟದು. ತುಮಕೂರು ಜಿಲ್ಲೆಯಲ್ಲಿ 1983ರಲ್ಲಿ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ, ಮಾವಿನ ಬೀಜ ಊರಿ ಬಂದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರ ಗುಡ್ಡದ ಬುಡಕ್ಕೆ ಬೇಲಿ ಹಾಕಿ ಸಸಿ ನೆಡಿಸಿದ ತಂಡದಲ್ಲಿದ್ದೆ. ಹಟ್ಟಿಯ ಹಿರಿಯರೊಬ್ಬರು ಬೇಲಿಯ ಬಳಿ ನಿಂತು, ನಾಳೆಯಿಂದ ಮರಿಗಳನ್ನು ಎಲ್ಲಿಗೆ ಹೊಡೆಯಲಿ ಎಂದು ಕೇಳಿದ್ದರು. ನಮ್ಮ ಬಳಿ ಉತ್ತರವಿರಲಿಲ್ಲ, ಆದರೂ ಕೆಲಸ ನಿಲ್ಲಿಸಲಿಲ್ಲ. ಎರಡನೆಯ ಬೇಸಿಗೆಯ ಹೊತ್ತಿಗೆ ಬೇಲಿಯಲ್ಲಿ ನಾಲ್ಕು ಕಂಡಿಗಳು ಬಿದ್ದಿದ್ದವು, ಸಸಿಗಳು ಹೋಗಿದ್ದವು. ತಪ್ಪು ಅವರದ್ದಲ್ಲ, ಕೇಳದೆ ಮುಂದುವರಿದ ನಮ್ಮದು.

ನಮ್ಮ ಸೀಮೆಯಲ್ಲಿ ಗೋಮಾಳ, ಹುಲ್ಲು ಬೆಳೆಯುವ ಕಾವಲು ಎಂದರೆ ಬರಡು ಭೂಮಿ ಅಲ್ಲ. ಚಳ್ಳಕೆರೆಯ ಕಂಬಳಿ ಹುಟ್ಟುವುದು ಆ ಹುಲ್ಲಿನಿಂದ. ದನ ಸಾಕುವ ಸಮುದಾಯಗಳಾದ ಕಾಡುಗೊಲ್ಲರ, ಮ್ಯಾಸನಾಯಕರ ದೇವರ ಎತ್ತುಗಳು ಮೇಯುವುದು ಆ ಹುಲ್ಲನ್ನು. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಬದುಕಿರುವುದು ಅಂಥದೇ ಕುರುಚಲು ಕಾಡಿನಲ್ಲಿ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಒತ್ತಾಗಿ ಮರ ತುಂಬುವುದನ್ನು ನಾನು ಅರಣ್ಯೀಕರಣ ಎಂದು ಕರೆಯುವುದಿಲ್ಲ. ನಿಮ್ಮ ಗೋಮಾಳ ನಿಜಕ್ಕೂ ಕೊರೆದು ಹೋಗಿದ್ದರೆ, ಮೊದಲು ಕುರುಬರು, ಗೊಲ್ಲರು, ದನ ಸಾಕುವವರು ಎಲ್ಲರನ್ನೂ ಗ್ರಾಮಸಭೆಗೆ ಕರೆಯಿರಿ. ಭೂಮಿಯನ್ನು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಮೂರು ವರ್ಷ ಮೇವಿನಿಂದ ಬಿಡಿಸಿ, ಅಲ್ಲಿನ ಹುಲ್ಲನ್ನು ಕೊಯ್ದು ಒಯ್ಯುವ ಹಕ್ಕನ್ನು ಅವರಿಗೇ ಕೊಡಿ. ಜಮೀನು ಸರ್ಕಾರದ್ದಾದ್ದರಿಂದ ತಹಶೀಲ್ದಾರರ ಮತ್ತು ಪಂಚಾಯಿತಿಯ ಒಪ್ಪಿಗೆ ಬರವಣಿಗೆಯಲ್ಲಿ ಬೇಕು; ಯಾವ ಸಂಸ್ಥೆಗೂ ಅದರ ಮೇಲೆ ಹಕ್ಕು ಬರುವಂಥ ಕಾಗದಕ್ಕೆ ಸಹಿ ಹಾಕಬೇಡಿ.

ಬಿಡಿಸಿದ ಪಾಲಿನಲ್ಲಿ ಮೊದಲ ವರ್ಷ ಏನನ್ನೂ ನೆಡದೆ ಸುಮ್ಮನೆ ನೋಡಿ. ಬಂದರಿಕೆ, ತಂಗಡಿ, ಕಗ್ಗಲಿ, ಬೇವು, ಕಮರ ಇವುಗಳ ಬೇರು ನೆಲದೊಳಗೆ ಜೀವ ಹಿಡಿದೇ ಇರುತ್ತದೆ, ದನಕುರಿಯ ಬಾಯಿ ತಪ್ಪಿದರೆ ಚಿಗುರುತ್ತದೆ. ಕಮರದ ಗಿಡವೊಂದನ್ನು ರಸ್ತೆ ಕೆಲಸಕ್ಕಾಗಿ ಅಗೆಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೆ. ಮೇಲೆ ಮೊಣಕಾಲೆತ್ತರವೂ ಇರಲಿಲ್ಲ, ಪ್ರತಿ ಬೇಸಿಗೆ ತುದಿ ಒಣಗಿ ಮತ್ತೆ ಚಿಗುರಿದ ಗಂಟುಗಳು ಕಾಂಡದ ಮೇಲಿದ್ದವು. ಬೇರು ಹೆಬ್ಬೆರಳಿಗಿಂತ ದಪ್ಪವಿತ್ತು, ನನ್ನ ತೋಳಿನುದ್ದ ಅಗೆದರೂ ತುದಿ ಸಿಗಲಿಲ್ಲ. ಕೊಂಡು ತಂದ ಪಾಲಿಥೀನ್ ಚೀಲದ ಸಸಿಗೆ ಅಂಥ ಬೇರು ಬರಲು ಎಷ್ಟು ವರ್ಷ ಬೇಕು ಯೋಚಿಸಿ. ಎರಡನೆಯ ವರ್ಷ, ಚಿಗುರದೆ ಬೋಳಾಗಿ ಉಳಿದ ಜಾಗದಲ್ಲಷ್ಟೇ ಮೇಕೆ ಮುಟ್ಟದ ಸೀತಾಫಲವನ್ನೂ ಹೊಂಗೆಯನ್ನೂ ಬೀಜ ಊರಿ ಎಬ್ಬಿಸಿ.

ಭೂಮಿಯಿಲ್ಲದ ನಿಮ್ಮ ನಾಲ್ವರು ಸದಸ್ಯೆಯರ ವಿಷಯವನ್ನು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಇಂಥ ಯೋಜನೆಗಳಲ್ಲಿ ಅವರೇ ಮರೆತುಹೋಗುತ್ತಾರೆ. ಸಂಸ್ಥೆ ಕೊಟ್ಟದ್ದರ ಮೇಲೆ ಹನ್ನೆರಡು ಜನರ ಹೊಲಕ್ಕೆ ಇನ್ನೂ ಬೇಕಾದ ಸಸಿಗಳನ್ನು ಹೊರಗಿನಿಂದ ಕೊಂಡು ತರಿಸದೆ ಆ ನಾಲ್ವರಿಂದಲೇ ಸಣ್ಣ ನರ್ಸರಿ ಮಾಡಿಸಿ, ಸಸಿಗೆ ಇಷ್ಟು ಎಂದು ಸಂಘದ ನಿಧಿಯಿಂದ ಕೊಡಿ. ಕುರಿಮರಿಯ ಸಾಲದಲ್ಲಿ ಮೊದಲ ಸರದಿ ಅವರದ್ದಾಗಲಿ. ಮುಂದೆ ಗೋಮಾಳದಲ್ಲಿ ಸೀತಾಫಲ, ಹೊಂಗೆಬೀಜ ಬಂದಾಗ ಆರಿಸುವ ಹಕ್ಕು ಈ ನಾಲ್ಕು ಮನೆಯವರದ್ದು ಎಂದು ಈಗಲೇ, ಫಸಲಿನ ಆಸೆ ಯಾರಿಗೂ ಹುಟ್ಟುವ ಮುನ್ನವೇ, ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಹದಿನಾರೂ ಜನರ ಸಹಿ, ಹೆಬ್ಬೆಟ್ಟು ಹಾಕಿಸಿ, ಅದರ ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಮೊಹರು ಪಡೆದುಕೊಳ್ಳಿ.